ಯಾವ ಹೊತ್ತಿನ ಬಾಂಗು?

ರಾಯಚೂರು ಕೋಟೆಯ ಗೋಡೆಯಲ್ಲಿ ಸುಮಾರು 41 ಅಡಿ ಉದ್ದದ ಒಂದೇ ಕಲ್ಲಿದೆ. ಕಾಕತೀಯರ ಕಾಲದಲ್ಲಿ, 1294ರಲ್ಲಿ, ಗೋರೆ ಗನ್ನಯ್ಯ ರೆಡ್ಡಿ ಕೋಟೆ ಕಟ್ಟಿಸಿದ ಸಂಗತಿಯನ್ನು ಅದರ ಮೇಲೆ ಕೆತ್ತಿದ್ದಾರೆ. ಆದರೆ ಅಲ್ಲಿಗೆ ಬಂದವರು ನಿಂತು ನೋಡುವುದು ಶಾಸನವನ್ನಲ್ಲ. ಅಷ್ಟು ದೊಡ್ಡ ಕಲ್ಲನ್ನು ಗಾಡಿಯ ಮೇಲೆ ಹೇರಿ, ಕೋಣಗಳ ಉದ್ದನೆಯ ಸಾಲು ಕಟ್ಟಿ ಎಳೆದು ತಂದ ದೃಶ್ಯವನ್ನೂ ಗೋಡೆಯಲ್ಲಿ ಕೊರೆದಿದ್ದಾರೆ. ಜನ ನೋಡುವುದು ಅದನ್ನು. ಏಳುನೂರು ವರ್ಷಕ್ಕೂ ಮೇಲಾಯಿತು, ಆ ಗಾಡಿ ಸದ್ದಿಲ್ಲದೆ ನಡೆಯುತ್ತಲೇ ಇದೆ.

ನಮ್ಮ ಅಕ್ಕನ ಮಗ ಬೆಂಗಳೂರಿನಲ್ಲಿ ಸಿನಿಮಾ, ಧಾರಾವಾಹಿಗಳಿಗೆ ಸದ್ದು ಜೋಡಿಸುವ ಕೆಲಸದಲ್ಲಿದ್ದಾನೆ. ಅದಕ್ಕೆ ಸೌಂಡ್ ಡಿಸೈನ್ ಅನ್ನುತ್ತಾರೆ. ಅವನ ಊರು ಮಾನ್ವಿ. ಒಮ್ಮೆ ರಜೆಗೆ ಬಂದಾಗ ಅವನನ್ನು ಈ ಗೋಡೆಯ ಮುಂದೆ ಕರೆದುಕೊಂಡು ಹೋಗಿದ್ದೆವು. ಬಹಳ ಹೊತ್ತು ನೋಡಿ, “ಮಾಮೂ, ಈ ಗಾಡಿ ಹೇಗೆ ಸದ್ದು ಮಾಡಿರಬಹುದು?” ಎಂದ. ನಾವು ಕಥೆ ಬರೆಯುವವರು, ಅದು ನಮಗೆ ಎಂದೂ ಹೊಳೆಯದ ಪ್ರಶ್ನೆ. ಅವನೇ ಉತ್ತರವನ್ನೂ ಹೇಳಿದ. ಮನೆಯಲ್ಲಿರುವ ಹಳೆಯ ಮರದ ಮಂಚದ ಕಿರುಗುಟ್ಟುವಿಕೆಯನ್ನು ಹಿಡಿದು ಅದರ ವೇಗ ಅರ್ಧ ಇಳಿಸಿದರೆ ಗಾಡಿಯ ಅಚ್ಚು ಆಗುತ್ತದಂತೆ. ಕಾಳು ಹಾಕದೆ ಬೀಸುವ ಕಲ್ಲು ತಿರುಗಿಸಿದರೆ ಗಾಲಿಯಡಿ ನುರಿಯುವ ಗರಸು. ಬಾವಿಯ ರಾಟೆಯ ಮೇಲೆ ಹಗ್ಗ ಜಗ್ಗಿದರೆ ಕೋಣಗಳ ಕೊರಳ ಹಗ್ಗ. ಕೋಣಗಳ ಏದುಸಿರನ್ನು ತನ್ನ ಬಾಯಿಂದಲೇ ಮಾಡುತ್ತಾನಂತೆ.

“ಎಲ್ಲಾ ಸುಳ್ಳೇ ಆಯಿತಲ್ಲಪ್ಪಾ” ಎಂದೆವು.

“ಕಲ್ಲಿನ ಭಾರ ಕೇಳಿಸಿದರೆ ಸುಳ್ಳು ಹೇಗಾಗುತ್ತದೆ ಮಾಮೂ?” ಎಂದ.

ಆ ದಿನ ನಕ್ಕು ಸುಮ್ಮನಾದೆವು. ಮುಂದೆ ನಡೆದ ಒಂದು ಸಂಗತಿ ಆ ಪ್ರಶ್ನೆಯನ್ನು ಮತ್ತೆ ನಮ್ಮ ಮನೆಬಾಗಿಲಿಗೆ ತಂದಿತು. ಸದ್ದಿನಲ್ಲಿ ಸತ್ಯ ಯಾವುದು, ಸುಳ್ಳು ಯಾವುದು? ಸಂಗೀತ ಹಲಾಲೋ ಹರಾಮೋ ಎಂಬ ಚರ್ಚೆ ನಮ್ಮವರಲ್ಲಿ ಬೇಕಾದಷ್ಟಾಗಿದೆ. ಇದು ಅದಲ್ಲ. ಸಂಗೀತದ ಮಾತು ಬರುವುದಕ್ಕೂ ಮೊದಲು, ಬರೀ ಸದ್ದಿನ ಬಗ್ಗೆಯೇ ಕೇಳಬೇಕಾದ ಮಾತು ಇದು.

ನಾವು ದೇವದುರ್ಗದಲ್ಲಿ ಉರ್ದು ಶಾಲೆಗೆ ಹೋಗುತ್ತಿದ್ದ ಕಾಲಕ್ಕೆ ಜಾತ್ರೆಗೆ ನಾಟಕ ಕಂಪನಿ ಬರುತ್ತಿತ್ತು. ಗುಡುಗು ಬಂದಾಗ ಮುಂದಿನ ಸಾಲಿನ ಹುಡುಗರೆಲ್ಲ ಒಬ್ಬರ ಮೈಗೆ ಒಬ್ಬರು ಅಂಟಿಕೊಳ್ಳುತ್ತಿದ್ದೆವು. ಒಂದು ದಿನ ಪರದೆಯ ಹಿಂದೆ ನುಸುಳಿ ನೋಡಿದರೆ ನಮ್ಮಷ್ಟೇ ವಯಸ್ಸಿನ ಹುಡುಗನೊಬ್ಬ ದೊಡ್ಡ ತಗಡು ಹಿಡಿದು ಅಲ್ಲಾಡಿಸುತ್ತಿದ್ದ. ಪಕ್ಕದಲ್ಲಿ ಒಬ್ಬಾಕೆ ಮೊರದಲ್ಲಿ ಜೋಳ ಹಾಕಿಕೊಂಡು ಅತ್ತಿಂದಿತ್ತ ಜಾರಿಸುತ್ತಿದ್ದಳು. ಅದು ಮಳೆ! ಗುಟ್ಟು ತಿಳಿದ ಮೇಲೆ ನಾಟಕದ ಮಜಾ ಹೋಗಬೇಕಿತ್ತು. ಹೋಗಲಿಲ್ಲ. ಮರುದಿನ ಅದೇ ಜಾಗದಲ್ಲಿ ಕೂತು, ಅದೇ ತಗಡಿಗೆ, ಅಷ್ಟೇ ಹೆದರಿದೆವು. ವಿವಿಧ ಭಾರತಿಯ ‘ಹವಾ ಮಹಲ್’ ನಾಟಕಗಳಲ್ಲಿ ಬಾಗಿಲು ತೆರೆಯುವ, ಟಾಂಗಾ ಓಡುವ, ಕಪ್ಪಿಗೆ ಚಹಾ ಸುರಿಯುವ ಸದ್ದುಗಳನ್ನು ಕೇಳುತ್ತ ಬೆಳೆದ ತಲೆಮಾರು ನಮ್ಮದು. ಅವುಗಳಲ್ಲಿ ಎಷ್ಟು ಅಸಲಿ, ಎಷ್ಟು ನಕಲಿ ಎಂದು ಯಾರೂ ಕೇಳಿದ್ದಿಲ್ಲ.

ಹಾಲಿವುಡ್‌ನಲ್ಲಿ ಮಾತಿನ ಸಿನಿಮಾ ಶುರುವಾದಾಗ ಜಾಕ್ ಫೋಲಿ ಎಂಬಾತ ಯೂನಿವರ್ಸಲ್ ಸ್ಟುಡಿಯೋದಲ್ಲಿ ಪರದೆಯ ಮೇಲಿನ ಚಿತ್ರ ನೋಡುತ್ತ, ಅದಕ್ಕೆ ಸರಿಯಾಗಿ ಹೆಜ್ಜೆಯ ಸಪ್ಪಳ, ಬಟ್ಟೆಯ ಸರಪರವನ್ನು ತಾನೇ ಮಾಡಿ ಕೊಡುತ್ತಿದ್ದ. ಈ ಕಸುಬಿಗೆ ಇಂದಿಗೂ ಅವನದೇ ಹೆಸರು, ‘ಫೋಲಿ’ ಎಂದೇ ಕರೆಯುತ್ತಾರೆ. ತೆಂಗಿನ ಚಿಪ್ಪು ಕುದುರೆಯ ಗೊರಸಾಗುತ್ತದೆ, ಗಜ್ಜರಿ ಮುರಿದರೆ ಎಲುಬು ಮುರಿಯುತ್ತದೆ, ಬೇಗಡೆ ಕಾಗದ ಹಿಸುಕಿದರೆ ಬೆಂಕಿ ಹತ್ತುತ್ತದೆ. ಇದೆಲ್ಲ ಯಾಕೆ ಬೇಕು, ಅಸಲಿ ಸದ್ದನ್ನೇ ಹಿಡಿಯಬಾರದೇ ಎಂದು ನಮ್ಮ ಹುಡುಗನನ್ನು ಕೇಳಿದೆವು. ಅವನು ಮಾನ್ವಿಯ ಸಂತೆಯಲ್ಲಿ ಹಿಡಿದ ಹತ್ತು ನಿಮಿಷದ ರೆಕಾರ್ಡಿಂಗ್ ಕೇಳಿಸಿದ. ಸಂತೆ ಎಲ್ಲಿದೆ ಅದರಲ್ಲಿ? ಗೊಜಗೊಜ, ಬರೀ ಗೊಜಗೊಜ. ನಡುನಡುವೆ ಬೈಕಿನ ಹಾರ್ನ್.

ಕಾರಣ ಸರಳ. ಮೈಕು ಆರಿಸಿಕೊಳ್ಳುವುದಿಲ್ಲ, ಕಿವಿ ಆರಿಸಿಕೊಳ್ಳುತ್ತದೆ. ನೂರು ಜನ ಮಾತಾಡುವಲ್ಲಿ ನಿಂತರೂ ನಮ್ಮ ಹೆಸರನ್ನು ಯಾರಾದರೂ ಕರೆದರೆ ಅದೊಂದು ಮಾತ್ರ ಕೇಳುತ್ತದಲ್ಲ, ಹಾಗೆ. ಗದ್ದಲದ ನಡುವೆ ಒಂದೇ ದನಿಯನ್ನು ಮನುಷ್ಯ ಹೇಗೆ ಹಿಂಬಾಲಿಸುತ್ತಾನೆಂಬುದನ್ನು 1953ರಲ್ಲಿ ಕಾಲಿನ್ ಚೆರ್ರಿ ಎಂಬ ವಿಜ್ಞಾನಿ ಪ್ರಯೋಗ ಮಾಡಿ ತೋರಿಸಿದ. ಸಂತೆಯಲ್ಲಿ ನಡೆಯುವ ಅಮ್ಮನಿಗೆ ಮಗುವಿನ ಅಳು ಕೇಳುತ್ತದೆ, ಕುರಿ ಕೊಳ್ಳಲು ಬಂದವನಿಗೆ ಕುರಿಯ ದನಿ. ಮೈಕಿಗೆ ಮಗುವೂ ಒಂದೇ, ಹಾರ್ನೂ ಒಂದೇ. ಹಾಗಾಗಿ ಸದ್ದು ಜೋಡಿಸುವವನು ಮೈಕು ಹಿಡಿದದ್ದನ್ನು ಮತ್ತೆ ಕಿವಿ ಮಾಡಬೇಕಾಗುತ್ತದೆ. ಯಾವುದನ್ನು ಮುಂದೆ ತರಬೇಕು, ಯಾವುದನ್ನು ಹಿಂದೆ ಸರಿಸಬೇಕು, ಯಾವುದನ್ನು ಅಳಿಸಬೇಕು ಎಂದು ಅವನು ತೀರ್ಮಾನಿಸುತ್ತಾನೆ. ನೋಡುಗನಿಗೆ ಈ ತೀರ್ಮಾನ ಕಾಣುವುದಿಲ್ಲ. ಕಣ್ಣಿಗೆ ರೆಪ್ಪೆ ಇದೆ, ಬೇಡವೆಂದರೆ ಮುಚ್ಚಬಹುದು. ಕಿವಿಗೆ ಅಂಥದ್ದೇನೂ ಇಲ್ಲ.

ನಕಲಿ ಎಂಬ ಕಾರಣಕ್ಕೇ ಸದ್ದು ಸುಳ್ಳಾಗುವುದಿಲ್ಲ ಎಂಬುದು ಕನ್ನಡಿಗರಿಗೆ ಹೊಸ ಮಾತೇನಲ್ಲ. ಎಷ್ಟೋ ವರ್ಷ ರಾಜಕುಮಾರ್ ತುಟಿಯಲ್ಲಿ ಹಾಡಿದ್ದು ಪಿ.ಬಿ. ಶ್ರೀನಿವಾಸ್. ಅದು ತಿಳಿದೇ ಜನ ಕೇಳಿದರು, ಯಾರಿಗೂ ಮೋಸ ಹೋದೆವು ಅನ್ನಿಸಲಿಲ್ಲ. ಇನ್ನು ರಂಗಭೂಮಿಯಲ್ಲಿ ಬಿ.ವಿ. ಕಾರಂತರು ಹಾರ್ಮೋನಿಯಂ ತಬಲಾಗಳಷ್ಟೇ ನಾಟಕದ ಸಂಗೀತ ಎಂಬ ರೂಢಿ ಮುರಿದು, ನಟರ ಉಸಿರು, ಉದ್ಗಾರ, ಕೈಗೆ ಸಿಕ್ಕ ಸಾಮಾನುಗಳಿಂದಲೂ ನಾಟಕಕ್ಕೆ ಬೇಕಾದ ಸದ್ದು ಹೊರಡಿಸಿದರು. ಶಿವರಾಮ ಕಾರಂತರ ಕಾದಂಬರಿಯನ್ನು ಅವರು 1975ರಲ್ಲಿ ‘ಚೋಮನ ದುಡಿ’ ಸಿನಿಮಾ ಮಾಡಿದಾಗ, ದುಡಿ ಬರೀ ಹಿನ್ನೆಲೆಗೆ ನಿಲ್ಲಲಿಲ್ಲ. ಚೋಮನಿಗೆ ಬಾಯಿಬಿಟ್ಟು ಆಡಲಾಗದ ಸಿಟ್ಟು, ದುಃಖ, ಸೊಕ್ಕು ಎಲ್ಲವೂ ಅದರಲ್ಲಿ ಬರುತ್ತದೆ.

ರಾಯಚೂರಿನವರು ಇಲ್ಲಿ ಇನ್ನೊಂದು ಹೆಸರು ನೆನೆಯಬೇಕು. ಪಂಡಿತ ತಾರಾನಾಥರು ಈ ಊರಿನಲ್ಲಿ ಕಟ್ಟಿದ ಶಾಲೆಯ ಹೆಸರು ‘ಹಮ್‌ದರ್ದ್’, ಅಂದರೆ ನೋವಿನಲ್ಲಿ ಜೊತೆಯಾಗುವವನು. ಅವರ ಮಗ ರಾಜೀವ ತಾರಾನಾಥರು 1932ರಲ್ಲಿ ಹುಟ್ಟಿ 2024ರಲ್ಲಿ ತೀರಿಕೊಂಡರು. ಉಸ್ತಾದ್ ಅಲಿ ಅಕ್ಬರ್ ಖಾನರ ಶಿಷ್ಯರು, ದೊಡ್ಡ ಸರೋದ್ ವಾದಕರು. 1970ರ ‘ಸಂಸ್ಕಾರ’ ಸಿನಿಮಾಕ್ಕೆ ಸಂಗೀತ ಕೊಟ್ಟವರು ಅವರೇ. ಸರೋದಿನಲ್ಲಿ ಬಾರಿಸುವ ತಂತಿಗಳಲ್ಲದೆ ತರಬ್ ಎಂಬ ತಂತಿಗಳೂ ಇರುತ್ತವೆ. ಅವನ್ನು ಯಾರೂ ಮೀಟುವುದಿಲ್ಲ. ಪಕ್ಕದ ತಂತಿ ತಮ್ಮ ಸ್ವರ ನುಡಿದಾಗ ತಾವಾಗಿಯೇ ಮಿಡಿಯುತ್ತವೆ. ಅಪ್ಪ ಶಾಲೆಗೆ ಇಟ್ಟ ಹೆಸರೇ ಮಗನ ವಾದ್ಯದಲ್ಲಿ ತಂತಿಯಾಗಿ ಕೂತಂತೆ ನಮಗೆ ಅನ್ನಿಸುವುದುಂಟು.

ಇನ್ನು ಆ ಸಂಗತಿಗೆ ಬರುತ್ತೇವೆ.

ನಮ್ಮ ಹುಡುಗ 2018ರಲ್ಲಿ ಊರಿಗೆ ಬಂದಾಗ ಒಂದು ವಾರ ಸದ್ದು ಹಿಡಿಯುತ್ತ ತಿರುಗಿದ. ಜಗನ್ನಾಥದಾಸರ ಮಾನ್ವಿಯಲ್ಲಿ ಭಜನೆಯ ತಂಬೂರಿ, ರಾಯಚೂರು ಸ್ಟೇಷನ್ನಿನಲ್ಲಿ ಗೂಡ್ಸ್ ಗಾಡಿ (1871ರಲ್ಲಿ ಮುಂಬಯಿ ಕಡೆಯ ಹಳಿಯೂ ಮದರಾಸು ಕಡೆಯ ಹಳಿಯೂ ಬಂದು ಕೂಡಿದ್ದು ಇಲ್ಲೇ), ದೇವದುರ್ಗದ ಹಾದಿಯಲ್ಲಿ ಹತ್ತಿ ತುಂಬಿದ ಟ್ರ್ಯಾಕ್ಟರು, ಅಕ್ಕನ ಹೊಲಿಗೆ ಯಂತ್ರ. ಕೊನೆಗೆ ಒಂದು ನಸುಕಿನಲ್ಲಿ ಎದ್ದು, ತಮ್ಮ ಓಣಿಯ ಮಸೀದಿಯ ಅಜಾನ್ ಹಿಡಿದ. ನಮ್ಮ ಕಡೆ ಬಾಂಗು ಕೊಡುವುದು ಅನ್ನುತ್ತಾರೆ, ಕೊಡುವವರನ್ನು ಮೌಜನ್ ಸಾಬರು ಅನ್ನುತ್ತಾರೆ. ಆ ಮೌಜನ್ ಸಾಬರಿಗೆ ಆಗಲೇ ಎಪ್ಪತ್ತು ದಾಟಿತ್ತು. ದನಿ ಸಣ್ಣಗೆ ನಡುಗುತ್ತಿತ್ತು, ಆದರೆ ಎಳೆದಷ್ಟೂ ಹರಿಯುತ್ತಿರಲಿಲ್ಲ. ಹುಡುಗ ಕೇಳಿಯೇ ಹಿಡಿದಿದ್ದ. ಅವರು ಮೈಕಿನ ಮುಂದೆ ಒಮ್ಮೆ ಕೆಮ್ಮಿ, ಗಂಟಲು ಸರಿ ಮಾಡಿಕೊಂಡು, ಬಾಂಗು ಕೊಟ್ಟರು.

2020ರ ಲಾಕ್‌ಡೌನ್ ದಿನಗಳಲ್ಲಿ ಮನೆಮಂದಿಯೆಲ್ಲ ಕೂತು ಮೊಬೈಲಿನಲ್ಲಿ ಒಂದು ಸಿನಿಮಾ ನೋಡುತ್ತಿದ್ದೆವು. ಸಿನಿಮಾದ ಹೆಸರು ಬೇಡ. ನಮ್ಮ ಹುಡುಗನೂ ಅದಕ್ಕೆ ದುಡಿದಿದ್ದ, ಹೆಮ್ಮೆಯಿಂದಲೇ ನೋಡಿ ಎಂದಿದ್ದ. ನಡುರಾತ್ರಿ, ಇಕ್ಕಟ್ಟಾದ ಓಣಿ, ಪೊಲೀಸ್ ಅಧಿಕಾರಿ ಒಬ್ಬನೇ ಒಳಗೆ ಹೋಗುತ್ತಾನೆ. ದೂರದಿಂದ ಅಜಾನ್. ಅಕ್ಕ ಖುಷಿಯಿಂದ ಕೂಗಿದಳು, “ಅರೇ, ನಮ್ಮ ಮೌಜನ್ ಸಾಬರ ದನಿ!” ಮಕ್ಕಳು ಚಪ್ಪಾಳೆ ತಟ್ಟಿದರು. ಅಷ್ಟರಲ್ಲಿ ಆ ದನಿಯ ಅಡಿಯಿಂದ ಗುಂಯ್ ಎನ್ನುವ ಒಂದು ಭಾರದ ಸದ್ದು ಏರಿತು, ಮುಚ್ಚಿದ ಬಾಗಿಲು ತೆರೆಯಿತು, ಒಳಗೆ ನಾಲ್ಕು ಗಡ್ಡ, ಮೇಜಿನ ಮೇಲೆ ಬಂದೂಕು. ಕೋಣೆಯಲ್ಲಿ ಯಾರೂ ಮಾತಾಡಲಿಲ್ಲ. ಅಕ್ಕ ಎದ್ದು ಒಲೆಯ ಕಡೆ ಹೋದಳು.

ಗಮನಿಸಬೇಕಾದ್ದು ಇಷ್ಟು. ಆ ದೃಶ್ಯದಲ್ಲಿ ಅಸಲಿಯಾದದ್ದು ಅದೊಂದೇ. ಓಣಿ ಸೆಟ್ಟು, ಬಂದೂಕು ಮರದ್ದು, ಗಡ್ಡ ಅಂಟಿಸಿದ್ದು, ಹೆಜ್ಜೆಯ ಸಪ್ಪಳ ಸ್ಟುಡಿಯೋದಲ್ಲಿ ಯಾರೋ ಮಾಡಿದ್ದು. ಬಾಂಗು ಮಾತ್ರ ನಿಜವಾದ ಮಸೀದಿಯ, ನಿಜವಾದ ಮನುಷ್ಯನ, ನಿಜವಾದ ನಸುಕಿನದು. ಸುಳ್ಳಾದದ್ದೂ ಅದೊಂದೇ.

ಸಂಸ್ಕೃತ ಕಾವ್ಯಮೀಮಾಂಸೆಯಲ್ಲಿ ‘ಧ್ವನಿ’ ಎಂಬ ಮಾತಿಗೆ ಬೇರೊಂದು ಅರ್ಥವಿದೆ ಎಂದು ಕನ್ನಡ ಪಾಠದಲ್ಲಿ ಓದಿದ್ದೆವು. ಶಬ್ದ ಹೇಳದೆಯೇ ಸೂಚಿಸುವುದು ಧ್ವನಿ, ಎಂದು ಆನಂದವರ್ಧನನ ಮತ. ಗಂಗೆಯ ಮೇಲೊಂದು ಹಳ್ಳಿ ಎಂದರೆ ಹಳ್ಳಿ ನೀರಿನ ಮೇಲೆ ನಿಂತಿದೆ ಎಂದಲ್ಲ, ಅಲ್ಲಿನ ತಂಪು, ಪಾವಿತ್ರ್ಯ ನಮ್ಮ ಮನಸ್ಸಿಗೆ ಬರಲಿ ಎಂದು. ಅದನ್ನು ಓದುವಾಗ ಇದು ಒಳ್ಳೆಯದಕ್ಕಷ್ಟೇ ಬಳಕೆಯಾಗುವ ಶಕ್ತಿ ಎಂದುಕೊಂಡಿದ್ದೆವು. ಒಂದು ಓಣಿಯ ಚಿತ್ರದ ಕೆಳಗೆ ಅಜಾನ್ ಇಟ್ಟು ಅದರ ಕೆಳಗೆ ಗುಂಯ್ ಎನ್ನುವುದನ್ನು ಇಟ್ಟರೆ, ಯಾರೂ ಒಂದು ಮಾತನ್ನೂ ಆಡದೆ ಒಂದು ಸಮುದಾಯದ ಬಗ್ಗೆ ಒಂದು ವಾಕ್ಯ ತಯಾರಾಗುತ್ತದೆ. ಬರೆದಿದ್ದರೆ ಪತ್ರ ಬರೆದು ಪ್ರತಿಭಟಿಸಬಹುದಿತ್ತು. ಇದಕ್ಕೆ ಯಾರಿಗೆ ಬರೆಯುವುದು, ಏನೆಂದು ಬರೆಯುವುದು? ಸದ್ದು ಚಿತ್ರಕ್ಕೆ ಹೊಸ ಅರ್ಥ ತುಂಬಿದರೂ ಆ ಅರ್ಥ ಚಿತ್ರದಲ್ಲೇ ಇತ್ತೆಂದು ನೋಡುಗ ನಂಬುತ್ತಾನೆ ಎಂದು ಮಿಶೆಲ್ ಶಿಯೋನ್ ಎಂಬ ಫ್ರೆಂಚ್ ಲೇಖಕ ವಿವರಿಸಿದ್ದಾನೆ. ಮೋಸದ ಬೇರು ಇಲ್ಲೇ ಇದೆ. ಕಿವಿಯಿಂದ ಬಂದದ್ದನ್ನು ನಾವು ಕಣ್ಣಾರೆ ಕಂಡೆವು ಅನ್ನುತ್ತೇವೆ. ಕಣ್ಣಾರೆ ಕಂಡರೂ ಪ್ರಮಾಣಿಸಿ ನೋಡು ಎಂದ ಹಿರಿಯರು ಕಿವಿಯ ಬಗ್ಗೆ ಎಚ್ಚರಿಸುವುದನ್ನು ಮರೆತರೋ ಏನೋ.

2022ರಲ್ಲಿ ನಮ್ಮ ರಾಜ್ಯದಲ್ಲಿ ಧ್ವನಿವರ್ಧಕದ ಗಲಾಟೆ ಆಯಿತು. ವಸತಿ ಪ್ರದೇಶದಲ್ಲಿ ಹಗಲು 55 ಡೆಸಿಬೆಲ್, ರಾತ್ರಿ 45 ಎಂಬ ನಿಯಮವನ್ನು ಎಲ್ಲರೂ ಬಾಯಿಪಾಠ ಮಾಡಿದರು. ನಿಯಮ ಸರಿಯಾದದ್ದೇ. ಮಸೀದಿಯೂ ಪಾಲಿಸಬೇಕು, ಮಂದಿರವೂ ಪಾಲಿಸಬೇಕು, ಡಿಜೆಯವರೂ ಪಾಲಿಸಬೇಕು. ಆದರೆ ಸದ್ದು ಎಷ್ಟು ಜೋರು ಎಂದು ಅಳೆಯುವ ಯಂತ್ರವಿದೆ. ಯಾವ ಸದ್ದನ್ನು ತಂದು ಯಾವ ಚಿತ್ರದ ಪಕ್ಕ ಇಟ್ಟರು ಎಂದು ಅಳೆಯುವ ಯಂತ್ರವಿಲ್ಲ.

ಹುಡುಗನನ್ನು ಫೋನಿನಲ್ಲಿ ತರಾಟೆಗೆ ತೆಗೆದುಕೊಂಡೆವು. ಅವನು ತಪ್ಪಿಸಿಕೊಳ್ಳಲಿಲ್ಲ. ಆ ದೃಶ್ಯಕ್ಕೆ ಅವನು ಮೊದಲು ಜೋಡಿಸಿ ಕೊಟ್ಟದ್ದು ಬೇರೆಯಂತೆ: ಕುಕ್ಕರಿನ ಸೀಟಿ, ಎಲ್ಲೋ ಒಂದು ಹೊಲಿಗೆ ಯಂತ್ರ, ಮಗ್ಗಿ ಉರುಹೊಡೆಯುವ ಮಗು. ಅಂದರೆ ಓಣಿ ಎಂದರೆ ಓಣಿ, ಅಷ್ಟೇ. ನಿರ್ದೇಶಕರು ಕೇಳಿ, “ಚೆನ್ನಾಗಿದೆ, ಆದರೆ ಇದು ಯಾರ ಓಣಿ ಅಂತ ಜನಕ್ಕೆ ಹೇಗೆ ಗೊತ್ತಾಗಬೇಕು?” ಎಂದರಂತೆ. ಲೈಬ್ರರಿಯಲ್ಲಿ ಸಿದ್ಧ ಅಜಾನ್ ಇತ್ತು, ಅದು ಯಾವುದೋ ಅರಬ್ ದೇಶದ್ದು, ಇಲ್ಲಿಗೆ ಹೊಂದಲಿಲ್ಲ. ತನ್ನಲ್ಲಿರುವುದು ಇನ್ನೂ ಚೆನ್ನಾಗಿದೆ ಎಂದು ಇವನೇ ತೆಗೆದು ಕೊಟ್ಟ. “ಕೆಲಸ ಚೆನ್ನಾಗಿ ಆಗಲಿ ಅಂತ ಕೊಟ್ಟೆ ಮಾಮೂ. ಕೊಡುವಾಗ ಅದರ ಗುಣ ನೋಡಿದೆ, ಜಾಗ ನೋಡಲಿಲ್ಲ.” ಇನ್ನೊಂದು ಮಾತನ್ನೂ ಸೇರಿಸಿದ. “ಅಜಾನ್ ಅಂದರೆ ಎಲ್ಲರಿಗೂ ಕೇಳಲಿ ಅಂತಲೇ ಕೂಗುವುದು. ಬೀದಿಯಲ್ಲಿ ಇರುವ ಸದ್ದಿಗೆ ಯಾರ ಅಪ್ಪಣೆ ಬೇಕು? ಹಾಗೆ ಹೊರಟರೆ ಯಾವ ಸಿನಿಮಾವೂ ಆಗುವುದಿಲ್ಲ.”

ಅವನ ಈ ಎರಡನೆಯ ಮಾತನ್ನು ತಳ್ಳಿಹಾಕುವುದು ಸುಲಭವಲ್ಲ. ನಾವೂ ಕಥೆಗಾರರೇ. ಊರಿನವರ ಮಾತು, ಬೈಗುಳ, ಅಳು ಎಲ್ಲವನ್ನೂ ಕೇಳದೆಯೇ ಎತ್ತಿಕೊಂಡು ಬರೆದವರು. ಎಲ್ಲದಕ್ಕೂ ಅಪ್ಪಣೆ ಕೇಳುವ ಕಥೆಗಾರ ಒಂದು ಪುಟವನ್ನೂ ಮುಗಿಸಲಾರ. ಅದೂ ಅಲ್ಲದೆ ಯಾರಿಗೂ ನೋವಾಗದ ಕಲೆ ಮಾತ್ರ ಒಳ್ಳೆಯ ಕಲೆ ಎಂದು ನಾವು ನಂಬಿದವರಲ್ಲ. ಮಸೀದಿಯ ಓಣಿಯಲ್ಲಿ ಕೆಟ್ಟವರು ಇರುವುದೇ ಇಲ್ಲವೇ? ಇದ್ದಾರೆ. ಅವರ ಕಥೆಯನ್ನೂ ಬರೆಯಬೇಕು, ಸಿನಿಮಾವನ್ನೂ ಮಾಡಬೇಕು. ಹಾಗಾದರೆ ನಮ್ಮ ಮನೆಯವರು ಅಂದು ನುಂಗಿಕೊಂಡದ್ದು ಏನು?

ಇದನ್ನು ಯೋಚಿಸುವಾಗ ಮದ್ರಸಾದಲ್ಲಿ ಕೇಳಿದ ಒಂದು ವಿದ್ಯೆ ನೆನಪಾಯಿತು. ಹದೀಸ್ ಶಾಸ್ತ್ರದಲ್ಲಿ ಒಂದು ಮಾತು ಮಾನ್ಯವಾಗಬೇಕಾದರೆ ಅದರ ಮುಂದೆ ಸನದು ಇರಬೇಕು. ಇಂಥವರು ಇಂಥವರಿಂದ ಕೇಳಿದರು, ಅವರು ಇಂಥವರಿಂದ ಕೇಳಿದರು ಎಂಬ ಸರಪಳಿ ಅದು. ಗುರುವಿನ ಬಾಯಿಂದಲೇ ಕೇಳಿ ಪಡೆಯುವುದಕ್ಕೆ ‘ಸಮಾ’ ಎನ್ನುತ್ತಾರೆ, ಬರೆದದ್ದನ್ನು ಓದಿ ಪಡೆದದ್ದಕ್ಕಿಂತ ಅದಕ್ಕೆ ತೂಕ ಹೆಚ್ಚು. ಮಾತು ಎಷ್ಟೇ ಸುಂದರವಾಗಿದ್ದರೂ ಸರಪಳಿ ಕಡಿದಿದ್ದರೆ ವಿದ್ವಾಂಸರು ಅದನ್ನು ಬಲಹೀನ ಅನ್ನುತ್ತಿದ್ದರು. ಈಗ ಸದ್ದಿನ ಲೈಬ್ರರಿ ನೋಡಿ. ‘ಮಾರುಕಟ್ಟೆ’, ‘ಗುಂಪು’, ‘ಹೆಂಗಸಿನ ಅಳು’, ‘ಮಸೀದಿ’ ಎಂದು ಕಡತಗಳ ಮೇಲೆ ಚೀಟಿ. ಯಾರ ಅಳು, ಯಾವ ಊರಿನ ಮಸೀದಿ, ಯಾವ ದಿನ, ಯಾವ ಕಾರಣಕ್ಕೆ ಕೂಗಿದ್ದು, ಯಾವುದಕ್ಕೂ ಸನದಿಲ್ಲ. ಸನದು ಕಡಿದ ಸದ್ದು ಅನಾಥ ಮಗುವಿನಂತೆ, ಯಾರು ಬೇಕಾದರೂ ಎಲ್ಲಿಗೆ ಬೇಕಾದರೂ ಕರೆದೊಯ್ಯಬಹುದು. ಅಪ್ಪಣೆಯ ಪ್ರಶ್ನೆಗಿಂತ ದೊಡ್ಡದು ಇದು ಅನ್ನಿಸಿತು. ತೆಂಗಿನ ಚಿಪ್ಪು ಕುದುರೆಯಾದಾಗ ಕುದುರೆಗೂ ಅನ್ಯಾಯವಿಲ್ಲ, ಚಿಪ್ಪಿಗೂ ಅನ್ಯಾಯವಿಲ್ಲ. ಒಬ್ಬ ಮನುಷ್ಯ ಒಂದು ಉದ್ದೇಶಕ್ಕೆ ಎತ್ತಿದ ದನಿಯನ್ನು ಅದರ ಉದ್ದೇಶದಿಂದ ಕತ್ತರಿಸಿ ಅವನ ಮೇಲೆಯೇ ತಿರುಗಿಸುವುದು ಬೇರೆ.

ಇಷ್ಟು ಬರೆದು ನಾವು ನ್ಯಾಯಾಧೀಶರ ಕುರ್ಚಿಯಲ್ಲಿ ಕೂತರೆ ತಪ್ಪಾಗುತ್ತದೆ. ಕೆಲವು ವರ್ಷಗಳ ಹಿಂದೆ ದೇವದುರ್ಗದಲ್ಲಿ ನಮ್ಮ ಕಥೆಯೊಂದನ್ನು ಓದಿದ್ದ ನಿವೃತ್ತ ಮೇಷ್ಟರೊಬ್ಬರು ಚಹಾದಂಗಡಿಯಲ್ಲಿ ಸಿಕ್ಕರು. ಮಾದಿಗರ ಕೇರಿಯವರು, ಮೊದಲಿನಿಂದ ದಲಿತ ಸಂಘಟನೆಯಲ್ಲಿದ್ದವರು. ಕಥೆ ಚಲೋ ಇದೆ ಎಂದು ಹೊಗಳಿ ಆಮೇಲೆ ಕೇಳಿದರು: “ಏನ್ರೀ ಸಾಬ್ರ, ನೀವು ಬರದಾಗೆಲ್ಲ ನಮ್ಮ ಹಲಗಿ ಹೆಣದ ಮುಂದನ ಯಾಕ ಬಾರಸ್ತದ? ನಮ್ಮ ಹಲಗಿ ಮದುವ್ಯಾಗ ಬಾರಸಂಗಿಲ್ಲೇನು? ಪೀರಲ ಹಬ್ಬದಾಗ ನಿಮ್ಮ ದೇವ್ರ ಮುಂದ ರಾತ್ರಿಯೆಲ್ಲ ಬಾರ್ಸಿದವ್ರು ಯಾರು?”

ಮನೆಗೆ ಬಂದು ನಮ್ಮ ಕಥೆಗಳನ್ನು ತೆಗೆದು ನೋಡಿದೆವು. ಮೂರು ಕಥೆಗಳಲ್ಲಿ ಹಲಗೆ ಬಂದಿದೆ, ಮೂರರಲ್ಲೂ ಸಾವು. ಓದುಗನಿಗೆ ಸಾವಿನ ಸೂಚನೆ ಬೇಕೆಂದಾಗ ನಾವು ಕಣ್ಣುಮುಚ್ಚಿ ದೂರದಲ್ಲಿ ಹಲಗೆ ಬಾರಿಸಿದ್ದೆವು. ಆ ನಿರ್ದೇಶಕ ಅಜಾನನ್ನು ಬಳಸಿದ್ದೂ ಇದೇ ರೀತಿ. ನಾವು ಚಿಕ್ಕಂದಿನಲ್ಲಿ ಅಲಾಯಿ ಕುಣಿಯ ಸುತ್ತ ಯಾರ ಹಲಗೆಗೆ ಹೆಜ್ಜೆ ಹಾಕಿ ಕುಣಿದೆವೋ ಅವರ ಮುಖ ನಮಗೆ ಇಂದಿಗೂ ಗುರುತಿದೆ. ರಾಯಚೂರು ಸೀಮೆಯ ಮೊಹರಂ ಎಂದರೆ ಹಾಗೆಯೇ. ಮುದಗಲ್ಲಿನಲ್ಲಾಗಲಿ ಸಣ್ಣ ಹಳ್ಳಿಯಲ್ಲಾಗಲಿ, ದೇವರು ಹಿಡಿಯುವವರು, ಪದ ಹೇಳುವವರು, ಹಲಗೆ ಬಾರಿಸುವವರು ಯಾವ ಜಾತಿ ಎಂದು ವಿಂಗಡಿಸಲು ಹೊರಟರೆ ಹಬ್ಬವೇ ನಿಂತುಹೋಗುತ್ತದೆ. ಸಾವಿನ ಮುಂದೆ ಹಲಗೆ ಬಡಿಯುವುದಿಲ್ಲ ಎಂದು ದಲಿತರು ಎಷ್ಟೋ ಹಳ್ಳಿಗಳಲ್ಲಿ ನಿರಾಕರಿಸಿದ್ದಾರೆ, ಅದಕ್ಕಾಗಿ ಬಹಿಷ್ಕಾರವನ್ನೂ ಉಂಡಿದ್ದಾರೆ. ಅವರು ಕಷ್ಟಪಟ್ಟು ಹೆಣದ ಮುಂದಿನಿಂದ ಬಿಡಿಸಿಕೊಂಡು ಬಂದ ಹಲಗೆಯನ್ನು ನಾವು ಕಥೆಯಲ್ಲಿ ಮತ್ತೆ ಅಲ್ಲಿಗೇ ಕಟ್ಟಿದ್ದೆವು. ಮೇಷ್ಟರಿಗೆ ಅಂದು ಉತ್ತರ ಕೊಡಲಾಗಲಿಲ್ಲ. ಚಹಾದ ದುಡ್ಡು ಕೊಡಲು ಹೋದೆವು, ಅವರೇ ಕೊಟ್ಟಿದ್ದರು.

ಹೀಗಲ್ಲದೆ ಮಾಡಲು ಬರುವುದಿಲ್ಲವೇ ಎಂದರೆ, ಬರುತ್ತದೆ. 2015ರಲ್ಲಿ ರಾಮ್ ರೆಡ್ಡಿ ಮಾಡಿದ ‘ತಿಥಿ’ಯನ್ನು ನೋಡಿದವರಿಗೆ ನೆನಪಿರಬಹುದು. ಮಂಡ್ಯ ಜಿಲ್ಲೆಯ ಹಳ್ಳಿ, ಅಲ್ಲಿನದೇ ಜನ, ಅವರದೇ ಮಾತು. ಅದಕ್ಕೆ ಸದ್ದು ಜೋಡಿಸಿದವರು ನಿತಿನ್ ಲೂಕೋಸ್. ಸಾವಿನ ಕಥೆಯೇ ಆದರೂ ನೋಡುಗನಿಗೆ ಈಗ ಅಳು, ಈಗ ನಗು ಎಂದು ತಿವಿದು ಹೇಳುವ ಹಿನ್ನೆಲೆಯಿಲ್ಲ. ಕುರಿಗಳು, ಬೈಗುಳ, ಇಸ್ಪೀಟು, ಗಾಳಿ. ಒಂದು ಊರು ತನ್ನ ಪಾಡಿಗೆ ತಾನು ಸದ್ದು ಮಾಡುತ್ತ ಇರುತ್ತದೆ, ಕಥೆ ಅದರ ನಡುವೆ ದಾರಿ ಮಾಡಿಕೊಂಡು ಹೋಗುತ್ತದೆ. ಅಲ್ಲಿಯೂ ಆಯ್ಕೆ ಇದೆ, ಕತ್ತರಿಸುವುದು ಜೋಡಿಸುವುದು ಇದೆ. ಆದರೆ ಯಾವ ಸದ್ದಿಗೂ ಅದು ಒಪ್ಪದ ಸಾಕ್ಷಿಯನ್ನು ಹೇಳಿಸಿಲ್ಲ.

ಹುಡುಗ ಮುಂದಿನ ರಜೆಗೆ ಬಂದಾಗ ತಾನಾಗಿಯೇ ಮೌಜನ್ ಸಾಬರ ಮನೆಗೆ ಹೊರಟ. ಒಬ್ಬನೇ ಹೋಗಲು ಧೈರ್ಯವಾಗದೆ ನಮ್ಮನ್ನೂ ಕರೆದ. ಹೊರಗೆ ಹೊರಸಿನ ಮೇಲೆ ಕೂತಿದ್ದರು. ಹುಡುಗ ಎಲ್ಲವನ್ನೂ ಹೇಳಿದ, ದೃಶ್ಯವನ್ನೂ ಮೊಬೈಲಿನಲ್ಲಿ ತೋರಿಸಿದ. ಕಣ್ಣು ಮಂಜಾಗಿದ್ದರಿಂದ ಅವರು ಚಿತ್ರ ನೋಡಲಿಲ್ಲ, ಮೊಬೈಲನ್ನು ಕಿವಿಗೆ ಹಿಡಿದರು. ಬಂದೂಕು, ಗಡ್ಡ ಯಾವುದೂ ಅವರಿಗೆ ಕಾಣಲಿಲ್ಲ. ಕೇಳಿ ಮುಗಿದ ಮೇಲೆ ಹುಬ್ಬು ಗಂಟಿಕ್ಕಿ, “ಬೇಟಾ, ಇದರಲ್ಲಿ ಹೊತ್ತು ಎಷ್ಟು?” ಎಂದರು.

“ರಾತ್ರಿ, ಚಾಚಾ. ಹನ್ನೆರಡು ಗಂಟೆ.”

“ಇದು ಫಜರಿನ ಬಾಂಗು.”

ನಮಗಿಬ್ಬರಿಗೂ ಅದು ಹೊಳೆದೇ ಇರಲಿಲ್ಲ. ನಸುಕಿನ ಅಜಾನಿನಲ್ಲಿ ಮಾತ್ರ ನಿದ್ದೆಗಿಂತ ನಮಾಜು ಮೇಲೆಂಬ ಒಂದು ಹೆಚ್ಚಿನ ಸೊಲ್ಲು ಇರುತ್ತದೆ. ಮಕ್ಕಳಿಗೂ ಗೊತ್ತಿರುವ ಸಂಗತಿ. ಸಿನಿಮಾದವರು ಅದನ್ನು ನಡುರಾತ್ರಿಗೆ ಹಾಕಿದ್ದರು. ಮುದುಕರಿಗೆ ಸಂಕಟವಾದದ್ದು ಅದಕ್ಕೆ. ನಡುರಾತ್ರಿ ತಮ್ಮ ದನಿಯಲ್ಲಿ ಫಜರಿನ ಬಾಂಗು ಕೇಳಿ ಯಾರಾದರೂ ಎದ್ದು ವುಜೂ ಮಾಡಿದ್ದರೆ? ರಂಜಾನಿನಲ್ಲಾಗಿದ್ದರೆ ಯಾರೋ ಸಹರಿಯ ಊಟವನ್ನು ಅರ್ಧಕ್ಕೇ ಬಿಟ್ಟಿದ್ದರೆ? ನಾವು ಸಮುದಾಯದ ಮಾನ, ಭಯ, ರಾಜಕೀಯ ಎಂದೆಲ್ಲ ಯೋಚಿಸಿದ್ದೆವು. ಅವರ ಮಟ್ಟಿಗೆ ಬಾಂಗು ಒಂದು ಸದ್ದೇ ಅಲ್ಲ, ಹೊತ್ತಿಗೆ ಸರಿಯಾಗಿ ಜನಕ್ಕೆ ಮಾಡಿಕೊಡುವ ಒಂದು ಕೆಲಸ. ಮದೀನಾದಲ್ಲಿ ಪ್ರವಾದಿಯವರಿಗೆ ಇಬ್ಬರು ಮುಅಜ್ಜಿನರಿದ್ದರು. ಬಿಲಾಲರು ಬ್ಯಾರಿಗೆ ಮೊದಲೇ ಕೂಗುತ್ತಿದ್ದರು, ಆಮೇಲೆ ಇಬ್ನ್ ಉಮ್ಮಿ ಮಕ್ತೂಮರು. ಉಪವಾಸ ಹಿಡಿಯುವವರು ಎರಡನೆಯ ದನಿ ಕೇಳುವವರೆಗೂ ಉಣ್ಣಬಹುದಿತ್ತು. ಅಂದರೆ ಯಾರ ದನಿ ಎಂಬುದೇ ಗಡಿಯಾರ. ಇಬ್ನ್ ಉಮ್ಮಿ ಮಕ್ತೂಮರು ಕುರುಡರು. ಬೆಳಗಾಯಿತೆಂದು ಬೇರೆಯವರು ಹೇಳಿದ ಮೇಲೆ ಕೂಗುತ್ತಿದ್ದರು. ಕಾಣದವರೊಬ್ಬರು ಕಂಡವರ ಮಾತು ನಂಬಿ ಕೂಗಿದರೆ ಇಡೀ ಊರು ಅವರ ದನಿ ನಂಬಿ ಊಟ ನಿಲ್ಲಿಸುತ್ತಿತ್ತು.

ಮೌಜನ್ ಸಾಬರು ಹುಡುಗನನ್ನು ಬೈಯಲಿಲ್ಲ. “ತೆಗೆಸಲು ಬರುತ್ತದೇನು?” ಎಂದು ಕೇಳಿದರು. ಬರುವುದಿಲ್ಲ ಚಾಚಾ, ಈಗ ಅದು ಎಲ್ಲ ಕಡೆ ಹೋಗಿಬಿಟ್ಟಿದೆ ಎಂದು ಅವನು ತಲೆತಗ್ಗಿಸಿದ. “ಹೋಗಲಿ, ಇನ್ನೊಮ್ಮೆ ಹೊತ್ತು ಕೇಳಿ ಹಾಕು” ಎಂದರು.

2021ರಲ್ಲಿ ಅವರು ತೀರಿಕೊಂಡರು. ನಮ್ಮ ಹುಡುಗ ಕೆಲಸ ಬಿಟ್ಟಿಲ್ಲ, ಬಿಡು ಎಂದು ನಾವೂ ಹೇಳಿಲ್ಲ. ಈಗ ಸದ್ದು ಹಿಡಿಯಲು ಹೋಗುವಾಗ ಮೈಕಿನ ಜೊತೆ ಒಂದು ನೋಟುಬುಕ್ಕು ಒಯ್ಯುತ್ತಾನೆ. ಊರು, ದಿನ, ಹೊತ್ತು, ಯಾರ ದನಿ, ಯಾಕೆ ಕೂಗಿದ್ದು. ನಿರ್ದೇಶಕರು ಅದನ್ನು ಕೇಳುವುದಿಲ್ಲವಂತೆ, ಇವನು ಬರೆಯುತ್ತಾನೆ. ನಾವು ಹಲಗೆಯ ಕಥೆಯನ್ನು ಇನ್ನೂ ಬರೆದಿಲ್ಲ. ಎರಡು ಸಲ ಶುರು ಮಾಡಿ ನಿಲ್ಲಿಸಿದ್ದೇವೆ.

ಮೌಜನ್ ಸಾಬರ ಮಗಳನ್ನು ದೇವದುರ್ಗಕ್ಕೆ ಕೊಟ್ಟಿದೆ. ಮನೆಯಲ್ಲಿ ಅಪ್ಪನ ಒಂದು ಫೋಟೋ ಇದೆ, ದನಿ ಇಲ್ಲ. ಹುಡುಗನಲ್ಲಿ ಇದೆಯಂತೆ ಎಂದು ಯಾರೋ ಹೇಳಿದ್ದರು, ಹೇಳಿಕಳಿಸಿದಳು. ಅವನು ಎರಡು ಕಡತ ಕಳಿಸಿದ. ಒಂದು ಸಿನಿಮಾಕ್ಕೆಂದು ತೊಳೆದು ಸ್ವಚ್ಛ ಮಾಡಿದ್ದು, ಬರೀ ದನಿ. ಇನ್ನೊಂದು ಆ ನಸುಕಿನಲ್ಲಿ ಹಿಡಿದದ್ದು ಹಾಗೆಯೇ, ಫ್ಯಾನಿನ ಗುಂಯ್, ಎಲ್ಲೋ ಕೋಳಿ, ಮೈಕು ಒರೆಸಿದ ಸದ್ದು, ಶುರುವಿಗೆ ಕೆಮ್ಮು. ಎರಡರಲ್ಲಿ ಯಾವುದು ಇಟ್ಟುಕೊಂಡಿರಿ ಎಂದು ಮುಂದೆ ಕೇಳಿದಾಗ, ಕೆಮ್ಮು ಇರುವುದನ್ನು ಎಂದಳು.